ಮಗ್ಗಕ್ಕೆ ಕಟ್ಟಿದ ಫಿರಂಗಿ ಗುಂಡು

ಮೂವತ್ತಮೂರನೇ ವಯಸ್ಸಿಗೆ ನಿವೃತ್ತನಾದವನು ನಾನು. ನಗಬೇಡಿ. ಶಾಲು ಹೊದಿಸಿದ್ದಾರೆ, ಹಣ್ಣಿನ ಬುಟ್ಟಿ ಕೊಟ್ಟಿದ್ದಾರೆ, ನಡೆಯದ ಗೋಡೆ ಗಡಿಯಾರವನ್ನೂ ಕೊಟ್ಟಿದ್ದಾರೆ. ಇಷ್ಟಾದ ಮೇಲೆ ಮನುಷ್ಯನಿಗೆ ನಿವೃತ್ತನಾಗದೆ ಬೇರೆ ದಾರಿ ಇರುವುದಿಲ್ಲ. ನಿಜಕ್ಕೂ ನಿವೃತ್ತಿಯಾದದ್ದು ನಮ್ಮ ಲಾರಿ. ಅದನ್ನು ಗುಜರಿಗೆ ಹಾಕುವಾಗ ಒಳಗಿದ್ದ ನನ್ನನ್ನೂ ಇಳಿಸಿದರು, ಅಷ್ಟೆ. ಈಗ ಚಳ್ಳಕೆರೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತೇನೆ. ಮೈಕು ಪರೀಕ್ಷಿಸುವ ನೆಪದಲ್ಲಿ ಊರಿನ ದೊಡ್ಡವರ ದನಿಯನ್ನೆಲ್ಲ ಅವರಂತೆಯೇ ತೆಗೆಯುತ್ತೇನೆ. ಅದಕ್ಕೆ ಬೇರೆ ಬಾಡಿಗೆ ಇಲ್ಲ.

ಊರೂರು ತಿರುಗಿ ಶಾಲೆಗಳಲ್ಲಿ ವಿಜ್ಞಾನ ಪ್ರದರ್ಶನ ನಡೆಸುವ ನಮ್ಮ ಸಂಸ್ಥೆ ಈಗ ಹೊಸ ವ್ಯಾನು ತಂದಿದೆ. ಒಳಗೆ ದೊಡ್ಡ ಪರದೆ, ತಣ್ಣನೆ ಗಾಳಿ. ವಿವರಣೆಗಾರರಾಗಿ ಹೊಸ ಹುಡುಗ ಹುಡುಗಿಯರು ಸೇರುತ್ತಿದ್ದಾರಂತೆ. ಅವರಿಗಾಗಿ ಹಳೆಯ ಅನುಭವವನ್ನು ಬರೆದುಕೊಡು ಎಂದು ವಿಮಲಾ ಮೇಡಂ ಫೋನ್ ಮಾಡಿದರು. ಆಗ ನನ್ನ ಮೇಲಧಿಕಾರಿಯಾಗಿದ್ದವರು ಅವರೇ. ಫೋನ್ ಇಡುವ ಮುಂಚೆ, "ಆದದ್ದನ್ನ ಬರಿ ಓಬಳೇಶ, ಆಗಬೇಕಿತ್ತು ಅನ್ನೋದನ್ನ ಬರೀಬೇಡ" ಎಂದರು. ಇಷ್ಟು ವರ್ಷವಾದರೂ ಅವರಿಗೆ ನನ್ನ ಮೇಲಿನ ಅನುಮಾನ ಹೋಗಿಲ್ಲ. ಹೋಗಿದ್ದರೆ ನನಗೇ ಬೇಸರವಾಗುತ್ತಿತ್ತು.

ಆದ್ದರಿಂದ ಮೊದಲ ಮಾತು: ಈ ಕೆಲಸದಲ್ಲಿ ನಿಮ್ಮನ್ನು ಯಾರೂ ನಂಬುವುದಿಲ್ಲ. ಅದಕ್ಕೆ ತಯಾರಾಗಿ ಬನ್ನಿ.

ನಮ್ಮ ಲಾರಿ ಸೈನ್ಯದವರು ಹರಾಜು ಹಾಕಿದ್ದು. ಮೇಲೆ ನೀಲಿ ಬಣ್ಣ ಬಳಿದು ಗ್ರಹಗಳನ್ನು ಬರೆಸಿದ್ದರು. ಬಿಸಿಲಿಗೆ ನೀಲಿ ಚಕ್ಕೆಯೆದ್ದು ಶನಿಯ ಬಳೆಯ ಹಿಂದಿನಿಂದ ಸೈನ್ಯದ ಹಸಿರು ಇಣುಕುತ್ತಿತ್ತು. ಓಡಿಸುತ್ತಿದ್ದವರು, ರಿಪೇರಿ ಮಾಡುತ್ತಿದ್ದವರು ಚಳ್ಳಕೆರೆಯ ದಾದಾಪೀರ್ ಚಾಚಾ. ಲಾರಿಯ ಸದ್ದು ಸ್ವಲ್ಪ ಬದಲಾದರೂ ಅವರು ಮೊದಲು ನನ್ನ ಮುಖ ನೋಡುತ್ತಿದ್ದರು. ನಾನು ಇಂಜಿನ್ ಕೆಟ್ಟಂತೆ ಗಂಟಲಲ್ಲಿ ಸದ್ದು ಮಾಡಿ ಅವರನ್ನು ಒಮ್ಮೆ ನಡುರಸ್ತೆಯಲ್ಲಿ ಇಳಿಸಿದ್ದೆ. ಬಾನೆಟ್ ಎತ್ತಿ ಅರ್ಧ ಇಂಜಿನ್ ಬಿಚ್ಚಿದ ಮೇಲೆ ಅವರಿಗೆ ಗೊತ್ತಾಯಿತು. "ಬೇಟಾ, ಒಂದಿನ ಗಾಡಿ ನಿಜವಾಗ್ಲೂ ಕೆಡ್ತೈತೆ. ಅವತ್ತು ನೀನೇ ತಳ್ಳಬೇಕು" ಎಂದರು. ಆ ದಿನ ಬಂತು, ತಳ್ಳಿದೆ.

ದೊಡ್ಡಉಳ್ಳಾರ್ತಿಯಲ್ಲಿ ಶಾಲೆಯ ಮುಂದೆ ಗುಡಾರ ಹಾಕುತ್ತಿದ್ದೆವು. ಕತ್ತಲು ಮಾಡಿ ನಕ್ಷತ್ರ ತೋರಿಸುವ ಕಪ್ಪು ಗುಡಾರ ಅದು. ಕುರಿ ಬಿಟ್ಟುಕೊಂಡು ಒಬ್ಬ ಅಜ್ಜ ಬಂದು ನಿಂತ. ಆ ಕಡೆ ಕುರಿ ಮೇಯುತ್ತಿದ್ದ ಕಾವಲಿನಲ್ಲಿ ದೊಡ್ಡ ದೊಡ್ಡ ಸಂಶೋಧನೆಯ ಕಟ್ಟಡಗಳು ಎದ್ದು ಬೇಲಿ ಬಂದಿದ್ದ ಕಾಲ. ಸೈನ್ಯದ ಹಸಿರು ಬಣ್ಣ ಕಂಡರೆ ಜನ ಎರಡು ಸಲ ನೋಡುತ್ತಿದ್ದರು.

"ಏನ್ ಅಳೆಯಾಕ್ ಬಂದೀರಿ?"

"ಏನೂ ಅಳೆಯಲ್ಲಜ್ಜ. ನಕ್ಷತ್ರ ತೋರಿಸ್ತೀವಿ."

"ಹಗಲೊತ್ತು?"

ಅಜ್ಜನನ್ನು ಒಳಗೆ ಕೂರಿಸಿ ಸಪ್ತರ್ಷಿ ಮಂಡಲ ತೋರಿಸಿದೆ. ರಾಕೆಟ್ ಹಾರುವ ಸದ್ದು ಮಾಡಿದೆ, ಹಿಂದಕ್ಕೆ ಎಣಿಸುವ ಗಡಸು ದನಿಯನ್ನೂ ತೆಗೆದೆ. ಅಜ್ಜ ಹೊರಗೆ ಬಂದು ಕಣ್ಣು ಕಿರಿದು ಮಾಡಿ, "ಚೆನ್ನಾಗೈತೆ. ಆದ್ರೆ ಪುಕ್ಕಟೆ ಯಾಕ್ ತೋರಿಸ್ತೀರಿ?" ಎಂದ. ಸಂಜೆ ನಾವು ಹೊರಡುವವರೆಗೂ ಅವನ ಕುರಿಗಳು ಲಾರಿಯ ಸುತ್ತಲೇ ಮೇಯುತ್ತಿದ್ದವು.

ಜ್ವಾಲಾಮುಖಿಯದು ಬೇರೆ ಕಥೆ. ಪ್ಲಾಸ್ಟರಿನ ಬೆಟ್ಟ, ಅದರ ತೂತಿಗೆ ಅಡುಗೆ ಸೋಡಾ, ಮೇಲೆ ವಿನೆಗರ್, ಬಣ್ಣಕ್ಕೆ ಕುಂಕುಮ. ಕೆಂಪಗೆ ನೊರೆ ಉಕ್ಕುವಾಗ ನಾನು ಹೊಟ್ಟೆಯಿಂದ ಗುಡುಗಿಸುತ್ತಿದ್ದೆ. ಕೊಂಡ್ಲಹಳ್ಳಿಯ ಶಾಲೆಯಲ್ಲಿ ಒಂದು ಮಗು ಎದ್ದು, "ಸಾರ್, ನಮ್ ಬ್ರಹ್ಮಗಿರಿನೂ ಸಿಡಿಯುತ್ತಾ?" ಎಂದು ಕೇಳಿತು. ಇಲ್ಲ, ಅದು ಬಹಳ ಹಳೆಯ ಗಟ್ಟಿ ಕಲ್ಲಿನ ಗುಡ್ಡ, ಅಲ್ಲಿ ಜ್ವಾಲಾಮುಖಿ ಇಲ್ಲ ಎಂದು ಹೇಳಬೇಕಿತ್ತು. ನಾನು ಗುಡ್ಡದ ದನಿ ತೆಗೆದು, "ಈಗ ನಿದ್ದೆ ಬಂದೈತೆ, ಎದ್ದ ಮೇಲೆ ನೋಡಾನ" ಎಂದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಮರುದಿನ ಮುಖ್ಯೋಪಾಧ್ಯಾಯರು ಮೇಡಂಗೆ ಫೋನ್ ಮಾಡಿ, ಗುಡ್ಡದ ಬುಡದಲ್ಲಿ ಹೊಲವಿದ್ದವರೆಲ್ಲ ಶಾಲೆಗೆ ಬಂದು ಕೂತಿದ್ದಾರೆ ಎಂದರು.

"ಓಬಳೇಶ, ಇದು ವಿಜ್ಞಾನವೋ ನಾಟಕವೋ?"

"ಅರ್ಧ ಅರ್ಧ, ಮೇಡಂ."

"ಯಾವ ಅರ್ಧ ಯಾವುದು ಅಂತ ಕೇಳಿದವರಿಗೆ ಹೇಗೆ ಗೊತ್ತಾಗಬೇಕು?"

ಅವತ್ತು ನಾನು ಈ ಪ್ರಶ್ನೆಯನ್ನು ಅವರದೇ ದನಿಯಲ್ಲಿ ಚಾಚಾನ ಮುಂದೆ ಹೇಳಿ ನಗಿಸಿದೆ. ಅದಕ್ಕೆ ಉತ್ತರ ಸಿಕ್ಕಿದ್ದು ಮೊಳಕಾಲ್ಮುರಿನಲ್ಲಿ. ಸಿಕ್ಕ ರೀತಿಯನ್ನು ಹೇಳಲೆಂದೇ ಇಷ್ಟು ಪೀಠಿಕೆ.

ನಮ್ಮ ಪ್ರದರ್ಶನದ ಕೊನೆಯ ವಸ್ತು ಒಂದು ಫಿರಂಗಿ ಗುಂಡು. ಸಂಸ್ಥೆ ಕಟ್ಟಿದವರು ಸೈನ್ಯದಿಂದ ಬಂದ ಹಿರಿಯರು. ಹಳೆಯ ಯುದ್ಧ ಸಾಮಾನು ಅವರಿಗೆ ಪ್ರೀತಿ. ಮೊಣಕಾಲೆತ್ತರದ ಹಿತ್ತಾಳೆ ಕವಚ, ಬಾಯಿಗೆ ಮೊನಚಾದ ಮರದ ಬಿರಡೆ, ಒಳಗೆ ಖಾಲಿ. ಇಂಥದ್ದು ಎಲ್ಲಾದರೂ ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎಂದಷ್ಟೇ ನಾನು ಹೇಳಬೇಕಿತ್ತು. ಅಷ್ಟಕ್ಕೆ ನಿಲ್ಲುವ ಬಾಯಿ ನನ್ನದಾಗಿದ್ದರೆ ಬ್ಯಾಂಕಿನಲ್ಲಿ ಕೆಲಸ ಸಿಗುತ್ತಿತ್ತು. ನಾನು ಅದಕ್ಕೆ ಹವಾಲ್ದಾರ್ ಎಂದು ಹೆಸರಿಟ್ಟಿದ್ದೆ. ಬೆರಳಿಂದ ತಟ್ಟಿ, ಕಿವಿಯಿಟ್ಟು, "ಮಲಗಿದಾನೆ, ಸತ್ತಿಲ್ಲ" ಎಂದು ಪಿಸುಗುಟ್ಟುತ್ತಿದ್ದೆ. ಆಮೇಲೆ ಮುದಿ ಸಿಪಾಯಿಯ ಗೊರಕೆ. ಗೊರಕೆ ನಿಂತು, "ಯಾರೋ ಅದು" ಎಂಬ ಗದರಿಕೆ. ಕೊನೆಗೆ ಢಮಾರ್. ಮುಂದಿನ ಸಾಲಿನ ಮಕ್ಕಳು ಹಿಂದಿನ ಸಾಲಿಗೆ ಹೋಗಿರುತ್ತಿದ್ದರು.

ಮೊಳಕಾಲ್ಮುರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಈ ಆಟ ಬಹಳ ಚೆನ್ನಾಗಿ ಆಯಿತು. ಮರುದಿನ ಬೆಳಿಗ್ಗೆ ನಾವು ಇನ್ನೂ ಗುಡಾರ ಬಿಚ್ಚುತ್ತಿದ್ದೆವು. ತೆಳ್ಳಗಿನ ಒಬ್ಬ ಮನುಷ್ಯ ಸೈಕಲ್ ನಿಲ್ಲಿಸಿದ.

"ನಿಮ್ಮಲ್ಲಿ ಗೊರಕೆ ಹೊಡೆಯೋರು ಯಾರ್ರಿ?"

ಚಾಚಾ ಸ್ಪ್ಯಾನರಿನಿಂದ ನನ್ನನ್ನು ತೋರಿಸಿದರು. "ಇವ್ನೇ. ಎಲ್ಲಾ ಥರದ್ದೂ ಹೊಡೀತಾನೆ."

ಅವರು ನೇಕಾರ ಅಂಜಿನಪ್ಪ. ಅವರ ಮಗ್ಗದ ಹಿಂದೆ, ಹಾಸು ಎನ್ನುವ ಉದ್ದೆಳೆಗಳ ರೇಷ್ಮೆ ಸುತ್ತಿದ ಮರದ ದಿಂಡಿಗೆ ಹಗ್ಗದಿಂದ ಒಂದು ಭಾರ ಕಟ್ಟಿರುತ್ತದೆ. ಆ ಭಾರ ಎಳೆಗಳನ್ನು ಬಿಗಿಯಾಗಿ ಹಿಡಿದಿಡುತ್ತದೆ. ಬೇರೆ ಮನೆಗಳಲ್ಲಿ ಕಲ್ಲು, ಕಬ್ಬಿಣ ಕಟ್ಟುತ್ತಾರೆ. ಇವರ ಮನೆಯಲ್ಲಿ, ಸೈನ್ಯದಲ್ಲಿ ಡ್ರೈವರ್ ಆಗಿದ್ದ ಅವರ ಅಪ್ಪ ತಂದ ಫಿರಂಗಿ ಗುಂಡು. ಕಿರಿಮಗಳು ಹರಿಣಿ ಶಾಲೆಯಿಂದ ಹೋದವಳೇ ಅದನ್ನು ನೋಡಿ ಬಾಗಿಲಿಗೆ ಅಡ್ಡ ನಿಂತಿದ್ದಾಳೆ. ತಾಯಿಯೂ ಅವಳ ಕಡೆ ಸೇರಿದ್ದಾಳೆ. ಮಗ್ಗ ನಿಂತಿದೆ. ಮಗ್ಗದ ಮೇಲೆ ಇರುವುದು ಹಿರಿಮಗಳು ಲಾವಣ್ಯಳ ಧಾರೆ ಸೀರೆ. ವರ್ಷವಿಡೀ ಪರರ ಮದುವೆಗೆ ನೇಯುವ ಆ ಮನೆಯಲ್ಲಿ, ಮನೆಮಗಳು ಧಾರೆಗೆ ಮನೆಯ ಮಗ್ಗದ ಸೀರೆಯನ್ನೇ ಉಡಬೇಕು. ಕೊಂಡು ತಂದದ್ದನ್ನು ಉಡಿಸಿದರೆ ತಂದೆಗೆ ಬೀದಿಯಲ್ಲಿ ತಲೆ ಎತ್ತುವಂತಿಲ್ಲ. ಮದುವೆ ಹತ್ತಿರ ಬಂದಿದೆ, ಸೀರೆ ಅರ್ಧಕ್ಕೆ ನಿಂತಿದೆ.

ಇಷ್ಟು ಹೇಳಿ ಅಂಜಿನಪ್ಪ ದನಿ ತಗ್ಗಿಸಿದರು. "ಹೋದ ತಿಂಗಳು ಒಬ್ಬ ಬಂದಿದ್ದ, ಹಳೇ ಹಿತ್ತಾಳೆ ಕೊಡ್ರಿ ಅಂತ. ಕೊಡಲ್ಲ ಅಂದ್ವಿ. ಈಗ ನೀವು ಬಂದು ಅದು ಸಿಡಿತೈತೆ ಅಂತ ಮಕ್ಕಳಿಗೆ ಹೇಳಿದ್ರಿ. ನಾಳೆ ಅವನು ಮತ್ತೆ ಬಂದು, ಪಾಪ, ನಾನೇ ಒಯ್ತೀನಿ ಬಿಡಿ ಅಂತಾನೆ. ಅಲ್ಲೇನ್ರಿ?"

ಇಷ್ಟು ಒಳ್ಳೆಯ ಉಪಾಯ ನನ್ನ ತಲೆಗೆ ಹೊಳೆದಿರಲಿಲ್ಲವಲ್ಲ ಎಂದು ಒಂದು ಕ್ಷಣ ಬೇಸರವಾಯಿತು. "ಅಣ್ಣಾ, ದೇವರಾಣೆ ನನಗೆ ಯಾವ ಹಿತ್ತಾಳೆಯವನೂ ಗೊತ್ತಿಲ್ಲ" ಎಂದೆ. ಚಾಚಾ ಪಕ್ಕದಿಂದ, "ಇವನ ಆಣೆ ನಂಬಬೇಡ್ರಿ. ಆದ್ರೆ ಇಷ್ಟೊಂದು ತಲೆ ಇವನಿಗಿಲ್ಲ, ಅದನ್ನ ನಂಬ್ರಿ" ಎಂದರು. ಅಂಜಿನಪ್ಪನಿಗೆ ಅದು ಸರಿ ಕಂಡಿರಬೇಕು. ಮನೆಗೆ ಕರೆದೊಯ್ದರು.

ಮಗ್ಗದ ಕೋಣೆಯ ಹೊಸ್ತಿಲ ಮೇಲೆ ಅವರ ತಾಯಿ ಸುಬ್ಬಮ್ಮ ಕೂತಿದ್ದರು. ಒಳಗೆ ನೇತಾಡುತ್ತಿದ್ದದ್ದು ನಮ್ಮ ಹವಾಲ್ದಾರನ ಅವಳಿ. ಅದೇ ಎತ್ತರ, ಅದೇ ಮರದ ಮೂತಿ. ಬಾಯಿಗೆ ಅರಗು ಹಾಕಿ ಮುಚ್ಚಿತ್ತು, ಮೈಮೇಲೆ ಅರಿಶಿನ ಕುಂಕುಮ. ಮನೆಯವರು ಅದನ್ನು ಗುಂಡಯ್ಯ ಎನ್ನುತ್ತಿದ್ದರು. ಅದು ಮೇಲೆ ಕೆಳಗೆ ಆಡುವಾಗ ಓಲಾಡದಿರಲೆಂದು ಅದರ ಮೈಯಳತೆಗೇ ನೆಲದಲ್ಲಿ ಒಂದು ದುಂಡು ಗೂಡು ಕೊರೆದಿದ್ದರು. ಹಗ್ಗ ಉಜ್ಜಿ ಉಜ್ಜಿ ಹಿತ್ತಾಳೆಯ ಕುತ್ತಿಗೆಯ ಸುತ್ತ ಗೆರೆ ಬಿದ್ದಿತ್ತು.

"ಅವ್ವಾ, ಇದರೊಳಗೆ ಏನೈತೆ?"

"ನನ್ನ ಗಂಡನ್ನ ಕೇಳಬೇಕು. ಹೋಗಿಬಿಟ್ಟ" ಎಂದರು ಸುಬ್ಬಮ್ಮ. "ನನ್ನ ಮೇಲೆ ಪ್ರೀತಿ ಬಂದಾಗ, ಮರಳು ತುಂಬೀನಿ ಕಣೇ ಅಂತಿದ್ದ. ಜಗಳ ಆದಾಗ, ಮದ್ದೈತೆ ಹುಷಾರು ಅಂತಿದ್ದ. ನಿನ್ನಂಗೇ ಮಾತುಗಾರ. ನೀನು ಓದಿದೋನಲ್ಲ, ನೀನೇ ಹೇಳು. ಸಿಡಿತೈತಾ?"

ನನ್ನ ಬಳಿ ಹವಾಲ್ದಾರನ ದನಿ ಇತ್ತು, ಗುಡ್ಡದ ದನಿ ಇತ್ತು, ರಾಕೆಟ್ಟಿನದ್ದಿತ್ತು. ಈ ಪ್ರಶ್ನೆಗೆ ಯಾವುದೂ ಹೊಂದಲಿಲ್ಲ. "ಗೊತ್ತಿಲ್ಲವ್ವಾ" ಎಂದೆ. ನನ್ನದೇ ದನಿ, ಬಲು ಸಪ್ಪೆ. ಯಾರೂ ಮುಟ್ಟುವುದು ಬೇಡ, ಪೊಲೀಸರಿಗೆ ಹೇಳೋಣ ಎಂದೆ. ನನಗೆ ಕಲಿಸಿದ್ದ ಎರಡೇ ಮಾತು ಕೊನೆಗೂ ಬಾಯಿಗೆ ಬಂತು.

ಹೆಡ್ ಕಾನ್‌ಸ್ಟೇಬಲ್ ಬಂದವರು ಗುಂಡಯ್ಯನಿಗಿಂತ ಹೆಚ್ಚು ಹೊತ್ತು ನನ್ನನ್ನು ನೋಡಿದರು. "ಊರಿಗೆ ಬಂದು ಬಾಂಬಿನ ಕಥೆ ಹೇಳ್ತೀಯ. ಮಾರನೇ ದಿನ ಬಾಂಬು ಸಿಗುತ್ತೆ. ತೋರಿಸೋನೂ ನೀನೇ. ಏನಪ್ಪಾ ಇದು?" ನಾನು ಬಾಯಿ ಬಿಡುವುದರೊಳಗೆ ಚಾಚಾ, "ಸಾರ್, ಇವನು ಏನೇ ಹೇಳಿದ್ರೂ ಇನ್ನೂ ಕೆಡ್ತೈತೆ, ಬಿಟ್ಟುಬಿಡಿ" ಎಂದರು. ಪೊಲೀಸರು ಬೀದಿಯವರನ್ನು ದೂರ ಕಳಿಸಿದರು. ಬಾಂಬು ಪರೀಕ್ಷಿಸಲು ಗೊತ್ತಿದ್ದವರು ಹೊರಗಿನಿಂದ ಬಂದರು. ಅವರು ಹೇಳಿದಂತೆ ಅಂಜಿನಪ್ಪ ದಿಂಡಿಗೆ ಬೆಣೆ ಹೊಡೆದು ಹಾಸು ಜಾರದಂತೆ ಮಾಡಿ ಹೊರಬಂದರು. ಬಾಂಬಿನವರು ಗುಂಡಯ್ಯನನ್ನು ಬಿಡಿಸಿ, ಊರಾಚೆಯ ಬಯಲಿಗೆ ಒಯ್ದರು. ಪರೀಕ್ಷೆ ಮುಗಿದ ಮೇಲೆ ತಿಳಿಸುತ್ತೇವೆ, ಯಾವಾಗ ಎಂದು ಹೇಳಲಾಗದು ಎಂದರು.

ಈಗ ಭಯ ಹೋಯಿತು, ಭಾರವೂ ಹೋಯಿತು. ಅಂಜಿನಪ್ಪ ಕಲ್ಲು ಕಟ್ಟಿ ನೋಡಿದರು. ಗೂಡಿನೊಳಗೆ ಹೊಂದದೆ ಅದು ಗೋಡೆಗೆ ಬಡಿಯಿತು. ಮರಳಿನ ಚೀಲ ಕಟ್ಟಿದರು. ಪ್ರತಿ ಏಟಿಗೂ ಅದು ಓಲಾಡಿತು.

"ಚೀಲ ಓಲಾಡಿದ್ರೆ ಹಾಸು ಉಸಿರಾಡ್ತೈತೆ, ಬಿಗಿ ನಿಲ್ಲಲ್ಲ" ಎಂದು ಅವರು ಚೀಲ ಕಟ್ಟಿ ನೇಯ್ದಷ್ಟನ್ನು ಬಿಚ್ಚಿದರು. ಗೂಡನ್ನು ಅಗೆದು ಬದಲಿಸಬೇಕೆಂದರೆ ಮಗ್ಗವನ್ನೇ ಕದಲಿಸಬೇಕು. ಅರ್ಧ ಸೀರೆ ಮಗ್ಗದ ಮೇಲಿರುವಾಗ ಅದು ಆಗದ ಮಾತು. ಲಾವಣ್ಯ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. "ಬಿಡಪ್ಪ, ಅಂಗಡೀದೇ ತಂದ್ರಾಯ್ತು" ಎಂದಳು. ಅಂಜಿನಪ್ಪ ಚೀಲದ ಹಗ್ಗ ಬಿಚ್ಚಿದರು. ಅವಳು ನನ್ನ ಕಡೆ ನೋಡಿದ ನೋಟವನ್ನು ನಾನು ಇಲ್ಲಿಯವರೆಗೂ ಅನುಕರಣೆ ಮಾಡಿಲ್ಲ.

ನಾನು ಮೇಡಂ ಬಳಿ ಹೋದೆ. ಅಷ್ಟರಲ್ಲಿ ಅವರು ಪ್ರದರ್ಶನಗಳನ್ನು ನಿಲ್ಲಿಸಿದ್ದರು. ಇದು ದೊಡ್ಡದಾದರೆ ಲಾರಿಯೇ ರಸ್ತೆಗಿಳಿಯುವುದಿಲ್ಲ ಎಂದು ಮೇಲಿನಿಂದ ಮಾತು ಬಂದಿತ್ತಂತೆ.

"ಮೇಡಂ, ಹವಾಲ್ದಾರನ್ನ ಸ್ವಲ್ಪ ದಿನ ಕೊಡಿ. ಅದೇ ಗೂಡಿಗೆ ಹೊಂದುತ್ತೆ."

ಅವರು ಬಹಳ ಹೊತ್ತು ನನ್ನ ಮುಖದಲ್ಲಿ ನಗು ಹುಡುಕಿದರು. ಸಿಗಲಿಲ್ಲ. "ಒಂದು ಗುಂಡು ಹೋಗುತ್ತೆ. ಒಂದು ಗುಂಡು ವಾಪಸ್ ಬರಬೇಕು" ಎಂದರು.

"ಬರುತ್ತೆ."

ಹವಾಲ್ದಾರನನ್ನು ಹೆಗಲ ಮೇಲೆ ಹೊತ್ತು ಆ ಮನೆಗೆ ಹೋದರೆ, ಸುಬ್ಬಮ್ಮ ಹೊಸ್ತಿಲು ಬಿಡಲಿಲ್ಲ. ಬಿರಡೆ ತೆಗೆದು ಒಳಗೆ ಕೈ ಹಾಕಿ ತೋರಿಸಿದೆ.

"ನೋಡ್ರಿ ಅವ್ವಾ, ಖಾಲಿ."

"ಖಾಲಿಯಾಗಿದ್ರೆ ಅವತ್ತು ಮಕ್ಕಳ ಮುಂದೆ ಗೊರಕೆ ಹೊಡೆದಿದ್ದು ಯಾವುದು?"

"ಅದು ನಾನು."

"ಹಂಗಾದ್ರೆ ಈಗ ಮಾತಾಡ್ತಿರೋದು ಯಾರು?"

ಹೊಸಬರೇ, ನಿಮ್ಮ ವೃತ್ತಿಯಲ್ಲಿ ಇದಕ್ಕಿಂತ ಕಷ್ಟದ ಪ್ರಶ್ನೆಯನ್ನು ಯಾವ ವಿಜ್ಞಾನಿಯೂ ಕೇಳಲಾರ. ಸುಬ್ಬಮ್ಮ ಎದ್ದು, ಮಗ್ಗದ ಹಿಂದೆ ಗೂಡಿನ ಪಕ್ಕ ಒಂದು ಗೋಣಿತಾಟು ಹಾಕಿದರು. ತೆಲುಗಿನಲ್ಲಿ, "ಇಕ್ಕಡ ಕೂಚೋ" ಎಂದು ಬೆರಳು ತೋರಿಸಿದರು. "ಇಲ್ಲೇ ಕೂರು. ಸೀರೆ ಮುಗಿಯೋವರ್ಗೂ. ಸಿಡಿದ್ರೆ ಮೊದಲು ನಿನಗೆ ಸಿಡೀಲಿ."

ಕೂತೆ.

ಅಂಜಿನಪ್ಪ ಹವಾಲ್ದಾರನಿಗೆ ಹಿಡಿಹಿಡಿಯಾಗಿ ಮರಳು ತುಂಬಿ, ಪ್ರತಿ ಸಲವೂ ಹಾಸನ್ನು ಬೆರಳಿಂದ ಮೀಟಿ ನೋಡಿದರು. ಸಾಲದು ಎಂದರು, ಹೆಚ್ಚಾಯಿತು ಎಂದು ತೆಗೆದರು. ಕೊನೆಗೆ ಬಿರಡೆ ಬಡಿದು ನೇತುಹಾಕಿದರು. ಎಷ್ಟೇ ಜೋಪಾನ ಮಾಡಿದರೂ ಭಾರ ಬದಲಾದ ಜಾಗದಲ್ಲಿ ಸೀರೆಗೆ ಅಡ್ಡ ಒಂದು ಸಣ್ಣ ಗೆರೆ ಬಿತ್ತು. ಅಂಜಿನಪ್ಪ ಬಗ್ಗಿ ಅದನ್ನೇ ನೋಡುತ್ತ ಕೈ ಕಟ್ಟಿ ಕುಳಿತುಬಿಟ್ಟರು. ಸುಬ್ಬಮ್ಮ ಬಂದು ಸೀರೆಯನ್ನು ಗೇಣಿನಿಂದ ಅಳೆದು, "ನೆರಿಗೆ ಒಳಗೆ ಹೋಗ್ತೈತೆ. ನೇಯಿ" ಎಂದರು. ಲಾಳಿ ಓಡಿತು.

ಬೆಳಿಗ್ಗೆ ಮಗ್ಗ ಶುರುವಾಗುವ ಮುಂಚೆ ಹೋಗಿ, ಸಂಜೆ ನಿಂತ ಮೇಲೆ ಏಳುತ್ತಿದ್ದೆ. ಮಧ್ಯೆ ಎದ್ದರೆ ಸುಬ್ಬಮ್ಮ, "ಎಲ್ಲಿಗೆ?" ಎನ್ನುತ್ತಿದ್ದರು. ಅದರಲ್ಲಿ ನಾನು ಎಲ್ಲಿಗೆ ಹೋಗುತ್ತೇನೆ ಎನ್ನುವುದಕ್ಕಿಂತ ಯಾಕೆ ಏಳುತ್ತಿದ್ದೇನೆ ಎಂಬ ಅನುಮಾನವಿತ್ತು. ಮಂಡಕ್ಕಿಯ ಉಗ್ಗಾಣಿ ಮಾಡಿದರೆ ತಟ್ಟೆಯನ್ನು ಅಲ್ಲಿಗೇ ತಂದಿಡುತ್ತಿದ್ದರು. ಹರಿಣಿ ಮೊದಮೊದಲು ಬಾಗಿಲಿನಿಂದ ಇಣುಕುತ್ತಿದ್ದಳು. ನಾನು ಇನ್ನೂ ಚೂರು ಚೂರಾಗಿಲ್ಲ ಎಂದು ಖಾತ್ರಿಯಾದ ಮೇಲೆ ಒಳಗೆ ಬಂದು ಬಾಬಿನು ಸುತ್ತಲು ಕೂತಳು. ಅವಳ ತಾಯಿಯೂ ಬಂದಳು.

ಸುಮ್ಮನೆ ಕೂರಲಾರದೆ ಒಂದು ದಿನ ಸುಬ್ಬಮ್ಮನನ್ನು ಕೇಳಿದೆ, ತಾತ ಹೇಗೆ ಮಾತಾಡುತ್ತಿದ್ದರು ಎಂದು. ಅವರು ಹೇಳಿದರು: ಮೂಗಿನಿಂದ, ಎಳೆದು ಎಳೆದು, ಮಧ್ಯೆ ಹಿಂದಿ ಸೇರಿಸಿ. ಕಾಣದ ತಾತನ ದನಿ ತೆಗೆದು, "ಸುಬ್ಬೀ, ಅದರಾಗೆ ಮರಳೇ ಐತೆ" ಎಂದೆ. ಮಗ್ಗ ನಿಂತಿತು. ಅಂಜಿನಪ್ಪ ತಿರುಗಿ ನೋಡಲಿಲ್ಲ.

"ಅಲ್ಲ" ಎಂದರು ಸುಬ್ಬಮ್ಮ. "ದನಿ ಹಂಗೇ ಐತೆ. ಆದ್ರೆ ಆಯಪ್ಪ ಇಷ್ಟು ನೆಟ್ಟಗೆ ಹೇಳ್ತಿರಲಿಲ್ಲ." ಸ್ವಲ್ಪ ಹೊತ್ತಾದ ಮೇಲೆ, "ಇನ್ನೊಂದ್ಸಲ ಅನ್ನು" ಎಂದರು. ಅಂದೆ.

ಸೆರಗು ಮುಗಿಯುವ ಹೊತ್ತಿಗೆ ಹೆಡ್ ಕಾನ್‌ಸ್ಟೇಬಲ್ ಗುಂಡಯ್ಯನನ್ನು ತಂದುಕೊಟ್ಟರು. ಅರಗು ಒಡೆದು ಬಿಚ್ಚಿ ನೋಡಿದ್ದರು. ಒಳಗಿದ್ದದ್ದು ಬರಿ ಮರಳು. ಸುಬ್ಬಮ್ಮ ಅದನ್ನು ಕೇಳಿ ಸೆರಗಿನಿಂದ ಬಾಯಿ ಒರೆಸಿಕೊಂಡು, "ಅಂದ್ರೆ ಪ್ರೀತಿ ಬಂದಾಗ ಹೇಳಿದ್ದೇ ನಿಜ" ಎಂದರು. ಆಮೇಲೆ ಒಳಗೆ ಹೋಗಿ ಅಡುಗೆಮನೆಯಲ್ಲಿ ಬಹಳ ಹೊತ್ತು ಪಾತ್ರೆ ಸದ್ದು ಮಾಡಿದರು.

ಸೀರೆ ಮಗ್ಗದಿಂದ ಇಳಿಯಿತು. ನಾನು ಎದ್ದು, ಹವಾಲ್ದಾರನನ್ನು ಬಿಡಿಸಲು ಹೋದೆ. ಸುಬ್ಬಮ್ಮ ನನ್ನ ಕೈ ಹಿಡಿದರು.

"ಅದು ಬೇಡ. ಇದನ್ನ ಒಯ್ಯಿ" ಎಂದು ಗುಂಡಯ್ಯನನ್ನು ತೋರಿಸಿದರು.

"ಅವ್ವಾ, ಇದು ತಾತಂದು."

"ಆಗಿತ್ತು. ಬಿಚ್ಚಿದಾರೆ, ಮುಚ್ಚಿದಾರೆ. ಮತ್ತೆ ಏನು ಹಾಕಿದಾರೋ ಯಾರು ಕಂಡೋರು? ಇದರ ಪಕ್ಕ ಯಾರಾದ್ರೂ ಕೂತಿದ್ರಾ?" ನೇತಾಡುತ್ತಿದ್ದ ಹವಾಲ್ದಾರನನ್ನು ತಟ್ಟಿದರು. "ಇದರ ಪಕ್ಕ ನೀನು ಕೂತಿದ್ದೆ. ನಾನೇ ನೋಡೀನಿ."

ಅಂಜಿನಪ್ಪನ ಕಡೆ ನೋಡಿದೆ. ಅವರು ಆಗಲೇ ಮುಂದಿನ ಹಾಸಿನ ಎಳೆ ಜೋಡಿಸುತ್ತಿದ್ದರು. ಮದುವೆಯಲ್ಲಿ ಲಾವಣ್ಯ ಅದೇ ಸೀರೆ ಉಟ್ಟಿದ್ದಳು. ಗೆರೆ ನೆರಿಗೆಯೊಳಗೆ ಹೋಗಿತ್ತು. ಊಟದ ಸಾಲಿನಲ್ಲಿ ನಾನು ಕೂತಾಗ ಅವಳು ನೆರಿಗೆಯ ತುದಿಯನ್ನು ಸ್ವಲ್ಪವೇ ಬಿಡಿಸಿ, ನನಗೊಬ್ಬನಿಗೆ ಕಾಣುವಂತೆ ತೋರಿಸಿ, ಮುಂದೆ ನಡೆದಳು.

ಗುಂಡಯ್ಯ ಲಾರಿಗೆ ಬಂದ. ಒಂದು ಹೋಗಿ ಒಂದು ಬಂದಿತ್ತು, ಮಾತಿಗೆ ತಪ್ಪಿರಲಿಲ್ಲ. ಮೇಡಂ ಅದನ್ನು ಕೈಗೆತ್ತಿಕೊಂಡು, ಕುತ್ತಿಗೆಯ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು. ನನ್ನನ್ನು ನೋಡಿದರು. ಹವಾಲ್ದಾರನ ಜಾಗದಲ್ಲಿಟ್ಟರು. ಪ್ರದರ್ಶನ ಮತ್ತೆ ಶುರುವಾದ ಮೇಲೆ ನಾನು ಅದಕ್ಕೆ ಗೊರಕೆ ಹೊಡೆಸಲಿಲ್ಲ. ರಾಕೆಟ್ ಹಾರಿಸುವುದು, ಜ್ವಾಲಾಮುಖಿ ಗುಡುಗಿಸುವುದು ಮಾತ್ರ ಬಿಡಲಿಲ್ಲ. ಪೂರ್ತಿ ಸಾಧುವಾದರೆ ಚಾಚಾಗೆ ಅನುಮಾನ ಬರುತ್ತಿತ್ತು.

ಲಾರಿ ಗುಜರಿಗೆ ಹೋದಾಗ ಸಾಮಾನೆಲ್ಲ ಹೊಸ ವ್ಯಾನಿಗೆ ಏರಿತು. ಗುಂಡಯ್ಯ ಈಗ ನಿಮ್ಮ ಹಿಂದೆ, ಗಾಜಿನ ಪೆಟ್ಟಿಗೆಯಲ್ಲಿದ್ದಾನೆ. ಮಕ್ಕಳು ಆ ಗೆರೆಯನ್ನು ತೋರಿಸಿ ಇದು ಯಾವ ಯುದ್ಧದಲ್ಲಿ ಆದದ್ದು ಎಂದು ಕೇಳುತ್ತಾರೆ. ಮಗ್ಗದ ಹಗ್ಗದಿಂದ ಆದದ್ದು ಎಂದು ಹೇಳಿ. ನಂಬುವುದಿಲ್ಲ. ಪೆಟ್ಟಿಗೆಯ ಬಾಗಿಲು ತೆರೆದು, ಅದರ ಪಕ್ಕ ಕೂತುಕೊಳ್ಳಿ.